ಬಲಗಡೆಯ ಹೂವು

ಹೊಳೆನರಸೀಪುರದಿಂದ ಹಳೇಕೋಟೆಗೆ ಹೋಗುವ ದಾರಿಯಲ್ಲಿ ಚೆನ್ನಿಗರಾಯನ ಒಂದು ಪುಟ್ಟ ಗುಡಿ. ದೊಡ್ಡ ಹೆಸರಿನ ದೇವರೇನಲ್ಲ, ಆದರೆ ಹೂವು ಕೊಡುವ ದೇವರು. ಮದುವೆಯೋ, ಮನೆ ಕಟ್ಟುವುದೋ, ಮನಸ್ಸು ಹೊಯ್ದಾಡಿತೆಂದರೆ ಜನ ಇಲ್ಲಿಗೆ ಬರುತ್ತಾರೆ. ಅರ್ಚಕ ಸಂಪತ್ಕುಮಾರ ದೇವರ ಎರಡು ಭುಜಕ್ಕೂ ಒಂದೊಂದು ಒದ್ದೆ ಕಣಗಿಲೆ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಕೋರ್ಟಿನಲ್ಲಾದರೂ ಅಪೀಲು ಉಂಟು, ಇಲ್ಲಿ ಅದೂ ಇಲ್ಲ.

ಸಂಪತ್ಕುಮಾರನ ತಂಗಿ ಹಂಸ. 1994ರಲ್ಲಿ, ಅವಳಿಗೆ ಇಪ್ಪತ್ತೆರಡು ತುಂಬಿದಾಗ, ಅರಕಲಗೂಡಿನ ಹತ್ತಿರದ ಸರ್ಕಾರಿ ಶಾಲೆಯೊಂದಕ್ಕೆ ಟೀಚರ್ ಕೆಲಸದ ಆರ್ಡರು ಬಂತು. ಮನೆಯಲ್ಲಿ ತಾಯಿ ಶ್ರೀರಂಗಮ್ಮ ಲಕ್ವಾ ಹೊಡೆದು ಮಲಗಿದ್ದರು. ಗುಡಿ ಪೂಜೆಯವನಿಗೆ ಹೆಣ್ಣು ಕೊಡುವವರಿಲ್ಲದೆ ಅಣ್ಣ ಒಂಟಿಯಾಗಿಯೇ ಉಳಿದಿದ್ದ. "ನಾನು ಹೋಗು ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ದೇವರನ್ನೇ ಕೇಳೋಣ" ಎಂದ. ಕೇಳಿದರು. ಎಡಗಡೆಯ ಹೂವು ಬಿತ್ತು. ಹಂಸ ಆರ್ಡರನ್ನು ನಾಲ್ಕು ಮಡಿಕೆ ಮಡಿಸಿ ದೇವರ ಪಟದ ಹಿಂದೆ ಸಿಕ್ಕಿಸಿದಳು.

ತಾಯಿ ಎಂಟೇ ತಿಂಗಳಿಗೆ ಹೋಗಿಬಿಟ್ಟರು. ಅಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿತ್ತು, ಮದುವೆಯೂ ಕೂಡಿಬರಲಿಲ್ಲ. ಹನ್ನೆರಡು ವರ್ಷ ಅಣ್ಣನಿಗೆ ಬೇಯಿಸಿ ಹಾಕಿ, ದೇವರಿಗೆ ಹೂವು ಕಟ್ಟಿ, ಗಂಧ ತೇಯ್ದಳು. ಒಂದು ದಿನವೂ ಅಳಲಿಲ್ಲ. ಯಾಕೆ ಅಳಬೇಕು, ದೇವರು ಖುದ್ದಾಗಿ ಹೇಳಿದ್ದನಲ್ಲ. ಗುಡಿಗೆ ಅಳುತ್ತ ಬಂದ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನನ್ನನ್ನೇ ನೋಡು. ಅವನು ಬೇಡ ಅಂದ, ನಾನು ತಿರುಗಿ ನೋಡಲಿಲ್ಲ. ಅವನಿಗೆ ಗೊತ್ತಿರತ್ತೆ" ಎನ್ನುತ್ತಿದ್ದಳು. ಅವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು.

2006ರಲ್ಲಿ ಒಂದು ಸಂಜೆ ಹಳೇಕೋಟೆಯ ಚಂದ್ರಯ್ಯ ಜಗಲಿಗೆ ಬಂದು ಕೂತ. ಮಗಳು ಶಾಂತಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿತ್ತು, ಸೋಮವಾರ ಹಾಸನದಲ್ಲಿ ಸೇರಬೇಕಿತ್ತು. ಅಪ್ಪನಿಗೆ ಇಷ್ಟವಿಲ್ಲ, ಬೇಡ ಎನ್ನುವ ಎದೆಯೂ ಇಲ್ಲ.

"ಚೀಲ ನ್ಯಾತಾಕ್ಕಂಡು ಗಂಡಸ್ರ ಮಧ್ಯೆ ನುಗ್ಗಾಡೋ ಕೆಲ್ಸ ನಮ್ಗ್ಯಾಕೆ ಅಯ್ನೋರೆ? ನಾನ್ ಅಂದ್ರೆ ಕೇಳಾಕಿಲ್ಲ, ದ್ಯಾವ್ರು ಅಂದ್ರೆ ಕೇಳ್ತಾಳೆ. ನಾಳೀಕೆ ಕರ್ಕಂಡ್ ಬತ್ತೀನಿ, ನೀವೊಸಿ ನೋಡ್ಕಳಿ" ಎಂದು ಪಿಸುಗುಟ್ಟಿ ಹೋದ.

ಒಳಗೆ ಅಕ್ಕಿ ಆರಿಸುತ್ತಿದ್ದ ಹಂಸನಿಗೆ ಕೇಳಿಸಿತು. ದೇವರು ಹೇಳುವುದನ್ನು ಅಣ್ಣ ನೋಡಿಕೊಳ್ಳುವುದೇನು ಬಂತು ಎಂದು ಒಬ್ಬಳೇ ನಕ್ಕಳು.

ಬೆಳಿಗ್ಗೆ ಅವಳು ಗಂಧ ತೇಯುವಾಗ ಸಂಪತ್ಕುಮಾರ ಬಂದು ನಿಂತ. ವರ್ಷದಿಂದ ಅವನ ಕೈ ನಡುಗುತ್ತಿತ್ತು.

"ಹಂಸ, ಬಲಗಡೆ ಹೂವಿನ ಬೆನ್ನಿಗೆ ನೀನೇ ಚೂರು ಗಟ್ಟಿ ಗಂಧ ಹಚ್ಚಿಕೊಡು. ನನ್ನ ಕೈ ನಿಲ್ಲಲ್ಲ. ಎಡಗಡೇದಕ್ಕೆ ಬರೀ ನೀರು ಸಾಕು."

ನೀರು ಆರಿದರೆ ಹೂವು ಬೀಳುತ್ತದೆ, ಗಂಧ ಆರಿದರೆ ಕಚ್ಚಿಕೊಳ್ಳುತ್ತದೆ. ಇಷ್ಟೇ ವಿದ್ಯೆ. ಹಂಸನ ಕೈ ಕಲ್ಲಿನ ಮೇಲೆ ನಿಂತುಹೋಯಿತು.

"ನನ್ನ ಹೂವಿಗೂ ಹಚ್ಚಿದ್ಯಾ ಅಣ್ಣ?"

ಅವನು ಗೋಡೆ ನೋಡಿದ. "ಅಮ್ಮನ್ನ ಯಾರು ನೋಡ್ಕೋಬೇಕಿತ್ತು ಹೇಳು. ನಾನು ಬೇಡ ಅಂದಿದ್ರೆ ನೀನು ಜನ್ಮವಿಡೀ ನನ್ನನ್ನ ಬೈಕೊಂಡಿರ್ತಿದ್ದೆ. ದೇವರು ಬೇಡ ಅಂದ ಅಂತ ನೆಮ್ಮದಿಯಾಗಿದ್ದೆ. ಹೌದೋ ಅಲ್ವೋ?"

ಹೌದು, ನೆಮ್ಮದಿಯಾಗೇ ಇದ್ದಳು. ಹೊಟ್ಟೆ ಉರಿಸಿದ್ದೇ ಅದು. ಆವತ್ತಿನ ಗಂಧವನ್ನೂ ಇದೇ ಕಲ್ಲಿನ ಮೇಲೆ ಅವಳೇ ತೇಯ್ದುಕೊಟ್ಟಿದ್ದಳು. ದೇವರ ಮಾತೆಂದು ಹನ್ನೆರಡು ವರ್ಷ ತಲೆಯ ಮೇಲೆ ಹೊತ್ತದ್ದು ಅಣ್ಣನ ಬೆರಳ ತುದಿಯ ಗಂಧವನ್ನು. ಥೂ, ಎಂಥ ಬಾಳು ಎನ್ನಿಸಿತು.

ತಟ್ಟೆಯಲ್ಲಿ ಎರಡು ಕಣಗಿಲೆ ಇದ್ದವು. ಎಡಗಡೆಯದಕ್ಕೆ ಗಂಧ ಹಚ್ಚಿಬಿಟ್ಟರೆ ಶಾಂತಿಗೆ ಕೆಲಸ ಗಟ್ಟಿ. ಬೆರಳು ಗಂಧದವರೆಗೂ ಹೋಯಿತು. ಹಾಗೆ ಮಾಡಿದರೆ ಅಣ್ಣನಿಗೂ ತನಗೂ ಏನು ವ್ಯತ್ಯಾಸ ಎಂದು ಹಿಂದಕ್ಕೆ ಬಂತು. ಅಷ್ಟು ಉರಿಯೊಳಗೂ ಹಳೆಯ ನಂಬಿಕೆ ಸತ್ತಿರಲಿಲ್ಲ ನೋಡಿ. ದೇವರದ್ದೇನು ತಪ್ಪು, ಪಾಪ? ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಒಂದು ಸಲ ಮೋಸವಿಲ್ಲದೆ ಕೇಳಿದರೆ ನ್ಯಾಯವಾಗಿ ಹೇಳದೆ ಇರುತ್ತಾನೆಯೇ? ಎರಡು ಹೂವಿಗೂ ಬರೀ ನೀರು ಚಿಮುಕಿಸಿ ತಟ್ಟೆ ಕೊಟ್ಟಳು.

ಶಾಂತಿ ಆರ್ಡರನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಅವುಚಿಕೊಂಡು ನಿಂತಿದ್ದಳು. ಸಂಪತ್ಕುಮಾರ ಹೂವು ಅಂಟಿಸಿ ಮಂತ್ರ ಹೇಳತೊಡಗಿದ. ಹೊಸ್ತಿಲಾಚೆ ಹಂಸ ಕೈ ಮುಗಿದು, ನಿನ್ನನ್ನೇ ನಂಬಿದ್ದೇನೆ, ನಂಬಿದ್ದೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಹತ್ತು ನಿಮಿಷವಾಗಿರಬೇಕು. ಹೂವು ಬಿತ್ತು. ಎಡಗಡೆಯದು.

ಚಂದ್ರಯ್ಯ ಗಲ್ಲ ಬಡಿದುಕೊಂಡ. ಸಂಪತ್ಕುಮಾರ, ತಾನು ಹೇಳಿದಂತೆ ಮಾಡಿದ್ದಾಳೆಂದು, ತಂಗಿಯ ಕಡೆ ಮೆಚ್ಚಿ ನೋಡಿದ. ಶಾಂತಿ ಆಚೆ ನಡೆದಳು.

ಹಂಸ ಬರಿಗಾಲಲ್ಲೇ ರಸ್ತೆಗೆ ಓಡಿದಳು. ಚಂದ್ರಯ್ಯ ಇನ್ನೂ ತೀರ್ಥಕ್ಕೆ ನಿಂತಿದ್ದ.

"ಶಾಂತಿ, ಸೋಮವಾರ ಹೋಗಿ ಸೇರ್ಕೋ. ಆ ಹೂವು ನಂಬಬೇಡ. ನನ್ನ ಹೂವಿಗೆ ಅಣ್ಣ ಗಂಧ ಹಚ್ಚಿ ಅಂಟಿಸಿದ್ದ, ನನಗೆ ಇವತ್ತು ಗೊತ್ತಾಯ್ತು. ನಿಮ್ಮಪ್ಪನೂ ನಿನ್ನೆ ಬಂದು ಹಾಗೇ ಮಾಡಿ ಅಂತ ಹೇಳಿ ಹೋಗಿದ್ರು."

ಶಾಂತಿ ಅವಳ ಮುಖವನ್ನೇ ನೋಡಿದಳು. "ಇವತ್ತೂ ಅಚ್ಚಿದ್ರಾ ಹಂಸಮ್ಮೋರೆ?"

ಹೂಂ ಎಂದಿದ್ದರೆ ಸಾಕಿತ್ತು. ಹುಡುಗಿ ಬದುಕಿಕೊಳ್ಳುತ್ತಿದ್ದಳು. ಆದರೆ ಎದುರಿಗೇ ಗುಡಿ. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ.

"ಇಲ್ಲ. ಇವತ್ತು ನಾನು ಬರೀ ನೀರು ಹಾಕಿದ್ದೆ."

"ಅಂಗಾದ್ರೆ ಇವತ್ತು ದ್ಯಾವ್ರೇ ಯೋಳವ್ನೆ ಬುಡಿ." ಶಾಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಓದ್ವರ್ಸ ನಮ್ಮಕ್ಕ ಅಳ್ತಾ ಕುಂತಿದ್ದಾಗ ನೀವೇ ಯೋಳಿದ್ರಲ್ಲ, ಅವ್ನು ಬ್ಯಾಡ ಅಂದ್ಮೇಲೆ ತಿರುಗಿ ನೋಡ್ಬಾರ್ದು, ಅವ್ನಿಗೆ ಗೊತ್ತಿರ್ತದೆ ಅಂತ. ನಿಮ್ಮನ್ನ ನೋಡೇ ನಂಗೆ ಧೈರ್ಯ."

ಅಷ್ಟರಲ್ಲಿ ಹಳೇಕೋಟೆ ಬಸ್ಸು ಬಂತು. ಚಂದ್ರಯ್ಯ ಪ್ರಸಾದದ ಪೊಟ್ಟಣ ಹಿಡಿದು ಓಡಿಬಂದ. ಅಪ್ಪ ಮಗಳು ಹತ್ತಿದರು. ಕಂಡಕ್ಟರ್ ಎರಡು ಟಿಕೆಟ್ ಹರಿದುಕೊಟ್ಟು ಸೀಟಿ ಊದಿದ. ಶಾಂತಿ ತಿರುಗಿ ನೋಡಲಿಲ್ಲ.