ಹರಿದ ಜರಡಿ

ಕೊಲ್ಲಿಯ ತಳದಿಂದ ತಂದ ಕೆಸರನ್ನು ಜರಡಿಯಲ್ಲಿ ತೊಳೆದು, ಮೇಲುಳಿದ ಹುಳು, ಚಿಪ್ಪು, ಮರಿ ಏಡಿಗಳನ್ನು ಎಣಿಸಿ ಬರೆಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಪ್ರಯೋಗಾಲಯ, ಅದೇ ತೊಟ್ಟಿ, ಅದೇ ಬೆನ್ನುನೋವು. ಬೇಸಿಗೆಯಲ್ಲಿ ತಳದ ನೀರಿಗೆ ಉಸಿರು ಕಟ್ಟುತ್ತದೆ, ಕೆಸರು ಕಪ್ಪಾಗುತ್ತದೆ, ಜೀವಗಳೆಲ್ಲ ಸಾಯುತ್ತವೆ. ಚಳಿ ಬಿದ್ದರೆ ಹೊಸ ಮರಿಗಳು ಬಂದು ತುಂಬಿಕೊಳ್ಳುತ್ತವೆ. "ತವರಿಗೆ ಹೋಗಿವೆ, ಬರ್ತವೆ ಬಿಡಿ," ಎಂದು ತಮಾಷೆ ಮಾಡುತ್ತಿದ್ದಳು.

ಮೂರು ಚಳಿಗಾಲದ ಹಿಂದೆ ಮರಿಗಳು ಬರಲಿಲ್ಲ. ಜರಡಿಯನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆರಳು ತೂರುವಷ್ಟು ಹರಿದಿತ್ತು. ತಾನೇ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಹರಿದದ್ದು! ಎಲ್ಲ ಮೋರಿ ಪಾಲಾಯಿತೆಂದುಕೊಂಡಳು. ಕೆಲಸ ಹೋದರೆ? ತೂತಿಗೆ ಅಂಟು ಹಚ್ಚಿ, ಹಿಂದಿನ ವರ್ಷದ ಸಂಖ್ಯೆಗಳನ್ನೇ ತುಸು ಹೆಚ್ಚುಕಮ್ಮಿ ಮಾಡಿ ಬರೆದಳು. ಮರುವರ್ಷವೂ ಖಾಲಿ. ಅಂಟು ಬಿಟ್ಟಿರಬೇಕೆಂದು ಮತ್ತೆ ಬರೆದಳು. ಅದರ ಮುಂದಿನ ವರ್ಷವೂ ಅಷ್ಟೇ. ಬುದ್ಧಿಗೆಟ್ಟವಳು, ಒಂದು ಮಾತು ಯಾರಿಗಾದರೂ ಹೇಳಬಾರದಿತ್ತೇ? ಯಾರಾದರೂ ಜರಡಿಯ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

ಅವಳ ಗಂಡ ಮಾರಾಟಕ್ಕೆ ಕಪ್ಪೆಚಿಪ್ಪು ಸಾಕುವವನು. ಹೊರಗಿನ ಅಲೆಗೆ ಮರಿಗಳು ಕೊಚ್ಚಿಹೋಗುತ್ತವೆಂದು, ಈ ಸಲ ಎಲ್ಲವನ್ನೂ ಕೊಲ್ಲಿಯೊಳಗೆ ಬಿತ್ತಬೇಕೆಂದಿದ್ದ. ನಿನ್ನೆ ಊಟಕ್ಕೆ ಕೂತಾಗ ಕೇಳಿದ, "ನಾಳೆ ಬಿತ್ತೋಣ ಅಂತಿದ್ದೀನಿ. ತಳ ಚೆನ್ನಾಗಿದ್ಯೇನೆ?"

"ಚೆನ್ನಾಗಿದೆ ರೀ," ಎಂದಳು. ಸುಳ್ಳೆಂದು ಅವಳಿಗೆ ಅನ್ನಿಸಲೇ ಇಲ್ಲ. ಕೆಟ್ಟಿದ್ದು ಜರಡಿ ತಾನೇ?

ಇವತ್ತು ಬೆಳಿಗ್ಗೆ ಮೇಲಧಿಕಾರಿ ಹೊಸ ಜರಡಿ ತಂದಿಟ್ಟರು. "ತಗೊಳ್ಳಮ್ಮ, ನಿಂದು ಸವೆದುಹೋಗಿದೆ." ಹೋದ ಜೀವ ಬಂದಂತಾಯಿತು. ಇನ್ನು ಕದ್ದು ಬರೆಯುವ ಪಾಪ ತಪ್ಪಿತು.

ಮೊದಲ ಡಬ್ಬಿಯ ಕೆಸರು ಸುರಿದು ನೀರು ಬಿಟ್ಟಳು. ಜರಡಿಯ ಮೇಲೆ ನಾಲ್ಕು ಒಡಕು ಚಿಪ್ಪು ಉಳಿದವು. ಎರಡನೆಯ ಡಬ್ಬಿಯಲ್ಲಿ ಅದೂ ಇಲ್ಲ. ಚಳಿಗಾಲದ ನಡುವಿನಲ್ಲೂ ಕೆಸರು ಕಪ್ಪಗಿತ್ತು, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ಇಷ್ಟು ದಿನ ತೂತನ್ನೇ ನೋಡುತ್ತಿದ್ದವಳು ಅದನ್ನು ಗಮನಿಸಿರಲೇ ಇಲ್ಲ. ಮೂರನೆಯದನ್ನು ಅವಸರದಲ್ಲಿ ತೊಳೆಯುತ್ತ ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡಳು. ಒಂದೇ ಒಂದು ಹುಳು ಕಾಣಿಸಲೆಂದು ಬೇಡಿಕೊಂಡಳು. ಕಾಣಿಸಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳದು ಉಲ್ಟಾ. ನೆಲವೇ ಸತ್ತಿತ್ತು, ಇವಳು ಮೂರು ವರ್ಷ ತನ್ನ ಕೈಯನ್ನು ಬೈದುಕೊಂಡು ಕೂತಿದ್ದಳು. ಹಾಗಾಗಿ ಕೊಲ್ಲಿ ಸತ್ತ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಗಂಟೆ ಹನ್ನೊಂದು. ಒದ್ದೆ ಕೈಯಲ್ಲೇ ಗಂಡನಿಗೆ ಫೋನ್ ಮಾಡಿದಳು.

"ಮರಿ ಬಿತ್ತಬೇಡಿ ರೀ. ನಿಲ್ಲಿಸಿ."

"ಈಗ ತಾನೇ ಮುಗೀತು ಕಣೆ. ಒಂದು ಬುಟ್ಟೀನೂ ಉಳಿದಿಲ್ಲ," ಎಂದ. ದನಿಯಲ್ಲಿ ದಣಿವು, ಖುಷಿ ಎರಡೂ ಇದ್ದವು. "ಕೆಸರು ಸ್ವಲ್ಪ ನಾತ ಹೊಡೀತಿತ್ತು. ನಾನೂ ಹಿಂದೆಮುಂದೆ ನೋಡ್ದೆ. ಆಮೇಲೆ ನೀನು ಎಣಿಸಿ ಹೇಳಿದ್ದೀಯಲ್ಲ ಅಂತ ಸುರಿದುಬಿಟ್ಟೆ. ಯಾಕೆ, ಏನಾಯ್ತು?"

ಅವಳು ತೊಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಎಣಿಸೋಕೆ ಅಲ್ಲಿ ಏನೂ ಇರ್ಲಿಲ್ಲ ರೀ," ಎಂದಳು. "ಮೂರು ವರ್ಷದಿಂದ ನಾನೇ ಬರೀತಿದ್ದೆ."