ಸರಳಿನ ಕೆಳಗೆ ಎರಡು ಅಂಗೈ

ನಿನ್ನನ್ನ ಯಾರ ಕೈಲೂ ಎತ್ತಿಸಲ್ಲ ಕಣವ್ವ, ನಾನೂ ಎತ್ತಲ್ಲ, ಕೊನೇವರ್ಗೂ ನೀನೇ ಎದ್ದು ನಿಂತ್ಕೊಳ್ಳೋ ಹಂಗೆ ನೋಡ್ಕೊತೀನಿ — ಇಪ್ಪತ್ತೆರಡು ವರ್ಷದ ಹಿಂದೆ ಅವ್ವನಿಗೆ ಆಡಿದ ಮಾತು ಈಗ ಎಲ್ಲಿಂದ ಬಂತೋ, ಬೆಳಿಗ್ಗೆ ಆರೂಮುಕ್ಕಾಲಿಗೆ, ಕುವೆಂಪುನಗರದ ಜಿಮ್ಮಿನ ಟ್ಯೂಬ್‌ಲೈಟಿನ ಕೆಳಗೆ, ನಿಶ್ಚಿತಾ ಬೆಂಚಿನ ಮೇಲೆ ಅಂಗಾತ ಮಲಗಿ ಕಬ್ಬಿಣದ ಸರಳನ್ನು ಎದೆಗೆ ಇಳಿಸಿಕೊಳ್ಳುತ್ತಿರುವಾಗ, ಅವಳ ತಲೆಯ ಹತ್ತಿರ ನಿಂತ ಚೆಲುವಾಂಬಳ ಎರಡು ಅಂಗೈಗಳು ಸರಳಿನ ಕೆಳಗೆ, ಮೇಲ್ಮುಖವಾಗಿ, ಮುಟ್ಟದೆ, ಒಂದು ಬೆರಳಿನಷ್ಟು ದೂರದಲ್ಲಿ ಅದರ ಜೊತೆಗೇ ಇಳಿಯುತ್ತ, ಏಳುತ್ತ. ಆರು. ಉಸಿರು ಹಿಡೀಬೇಡಿ ನಿಶ್ಚಿತಾ, ತಳ್ಳುವಾಗ ಬಿಡಿ. ಏಳು. ಬ್ಯಾಂಕಿನಲ್ಲಿ ಕೂತು ಕೂತು ಬೆನ್ನು ಹಿಡಿದುಕೊಂಡು ಬಂದವಳು, ಮೂರು ತಿಂಗಳ ಹಿಂದೆ ಬರೀ ಸರಳಿಗೇ ಕೈ ನಡುಗುತ್ತಿತ್ತು, ಈಗ ಎರಡೂ ಕಡೆ ಐದೈದು ಕಿಲೋ ಬಿಲ್ಲೆ, ವಾರಕ್ಕಿಷ್ಟು ಅಂತ ಅವಸರವಿಲ್ಲದೆ ಏರಿಸಿದ್ದು. ಎಂಟನೆಯದು ಅರ್ಧಕ್ಕೆ ಬಂದು ನಿಂತಿದೆ, ಮೊಣಕೈ ಅದುರುತ್ತಿದೆ, ಕಾಯಬೇಕು, ಇಲ್ಲೇ ಕಾಯಬೇಕು, ಹೊಸ ಟ್ರೈನರ್‌ಗಳಿಗೆ ಚೆಲುವಾಂಬಳೇ ಹೇಳಿಕೊಡುವ ಪಾಠ ಇದು, ಸರಳು ನಿಧಾನವಾದರೆ ಮುಟ್ಟಬಾರದು, ಒಂದು ಕ್ಷಣ ನಿಂತರೂ ಮುಟ್ಟಬಾರದು, ಬೇಕು ಅಂತ ಅವರು ಕೇಳಿದರೆ, ಇಲ್ಲಾ ಕೆಳಗೆ ಜಾರಿದರೆ, ಆಗ ಮಾತ್ರ ಕೈ, ಆ ನಡುಕದಲ್ಲೇ ಮೈ ಕಲಿಯೋದು, ಬೇಗ ಮುಟ್ಟಿದಿರೋ ಅದು ನಿಮ್ಮ ಎತ್ತುವಿಕೆ, ಅವರದ್ದಲ್ಲ — ಆದರೆ ಅಂಗೈಗೆ ಆಗಲೇ ಕಬ್ಬಿಣದ ತಣ್ಣಗಿನ ಗೀರುಗಳು ತಾಗಿವೆ, ಸರಳು ತಾನಾಗಿ ಬೆಂಚಿನ ಕೊಂಡಿಗೆ ಹೋಗಿ ಕೂತಿದೆ. ಅಯ್ಯೋ ಮುಟ್ಬಿಟ್ರಲ್ಲ ಮೇಡಂ, ಬರ್ತಿತ್ತು ಅದು. ನಿಶ್ಚಿತಾ ನಗುತ್ತಲೇ ಅಂದಳು. ಬರ್ತಿತ್ತು.

ಬರುತ್ತಿತ್ತೇನೋ, ಯಾರಿಗೆ ಗೊತ್ತು, ಮುಟ್ಟಿದ ಮೇಲೆ ಗೊತ್ತಾಗುವುದಿಲ್ಲ, ಅದೇ ಅದರ ಸಂಕಟ. ಮಂಚಮ್ಮಜ್ಜಿ, ಅಪ್ಪನ ತಾಯಿ, ಕೊನೆಯ ಒಂದು ವರ್ಷ ಕಾಲು ಬಿದ್ದುಹೋಗಿ ನಡುಮನೆಯಲ್ಲಿ ಮಲಗಿದ್ದು, ದಿನಾ ಬೆಳಿಗ್ಗೆ ದುಪ್ಪಟಿಯ ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಬಚ್ಚಲಿಗೆ ಒಯ್ಯುತ್ತಿದ್ದರು, ಅಕ್ಕಪಕ್ಕದ ಗಂಡಸರೂ ಕೈ ಹಾಕಬೇಕಾಗಿತ್ತು, ಅಜ್ಜಿ ಅಷ್ಟು ದೂರವೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡೇ ಇರುತ್ತಿತ್ತು, ಹೊತ್ತವರು ಯಾರು ಅಂತ ತನಗೂ ಕಾಣದ ಹಾಗೆ. ಅಜ್ಜಿಯ ತಿಥಿ ಮುಗಿದ ದಿನ ಹಿತ್ತಿಲಲ್ಲಿ ಆ ದುಪ್ಪಟಿ ಒಗೆದು ಹಿಂಡುತ್ತ ಅವ್ವ ಅಂದಳು, ನನ್ನ ಇಂಗೆ ಮೂಟೆ ಹೊತ್ತಂಗೆ ಹೊತ್ತಾಕ್ಬೇಡಿ ಕಣೆ ಚೆಲ್ವಿ, ಸತ್ತ ಮೇಲೆ ಹೊರ್ಲಿ, ಬದುಕಿದ್ದಾಗ ಬ್ಯಾಡ. ಆಗ ಅವ್ವ ಬೆಟ್ಟಮ್ಮನಿಗೆ ನಲವತ್ತೆಂಟು, ಸೊಂಟಕ್ಕೊಂದು ತಲೆಗೊಂದು ಕೊಡಪಾನ, ಎರಡು ಸೇರು ಅಕ್ಕಿಗೆ ರುಬ್ಬುಗುಂಡು ತಿರುಗಿಸುವ ತೋಳು, ಹಿಂಡಿದ ದುಪ್ಪಟಿಯಿಂದ ಒಂದು ಹನಿ ಬೀಳುತ್ತಿರಲಿಲ್ಲ. ಚೆಲುವಾಂಬ ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗಿ, ದುಪ್ಪಟಿಯ ಇನ್ನೊಂದು ತುದಿ ಹಿಡಿದು, ಎಂಥ ಸುಲಭದಲ್ಲಿ ಮಾತು ಕೊಟ್ಟಳು. ಎಂಗೆ ನೋಡ್ಕೊತೀಯೆ? ನಿನ್ನ ಕೈಲಿ ಕಬ್ಬಿಣ ಎತ್ತಿಸ್ತೀನಿ ಇರವ್ವ. ಥೂ ಮುಂಡೇದೆ, ನಾನೇನ್ ಪೈಲ್ವಾನ್ಳಾ. ಇಬ್ಬರೂ ನಕ್ಕಿದ್ದರು.

ಮೇಡಂ, ಕೇಬಲ್ ಮೆಷಿನ್ನಿಗೆ ಹೋಗ್ಲಾ? ಹೋಗಿ ಹೋಗಿ, ಪಿನ್ನು ಪೂರ್ತಿ ಒಳಗೆ ಹೋಗಿದೆಯಾ ನೋಡ್ಕೊಳ್ಳಿ, ತೂಕ ಧಡ್ ಅಂತ ಬಿಡ್ಬೇಡಿ, ಇಳಿಸೋದೂ ಎತ್ತಿದಷ್ಟೇ ಕೆಲಸ — ಬಾಯಿ ತಾನೇ ಹೇಳುತ್ತಿರುತ್ತದೆ, ಹದಿನಾರು ವರ್ಷದಿಂದ ಹೇಳುತ್ತಿದೆ. ಬುಧವಾರ ಶನಿವಾರ ಅರವತ್ತು ದಾಟಿದವರ ಬ್ಯಾಚು, ಯಾರ್ಯಾರದೋ ಅಮ್ಮಂದಿರು, ಕ್ಯಾನ್ವಾಸ್ ಶೂ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಬರುತ್ತಾರೆ, ಅವರನ್ನು ಮೊದಲು ಮೆಷಿನ್ನಿನಲ್ಲಿ ಕೂರಿಸಬೇಕು, ಅದು ದಾರಿ ತಪ್ಪಲು ಬಿಡುವುದಿಲ್ಲ, ಆಮೇಲೆ ರಬ್ಬರ್ ಪಟ್ಟಿ, ಎಳೆಯುವ ಮುಂಚೆ ಬಿರುಕು ಬಿಟ್ಟಿದೆಯಾ ಅಂತ ಬೆರಳಾಡಿಸಿ ನೋಡಬೇಕು, ಆಮೇಲೆ ಒಂದು ಕಿಲೋ ಡಂಬೆಲ್, ಎಲ್ಲಕ್ಕಿಂತ ಮುಖ್ಯ ಆ ಮರದ ಪೆಟ್ಟಿಗೆ, ಅದರ ಮೇಲೆ ಕೂತು ಕೈ ಊರದೆ ಏಳುವುದು, ಹತ್ತು ಸಲ. ಕೈ ಕೊಡಿ ಮೇಡಂ. ಕೊಡಲ್ಲ ಅಮ್ಮಾ, ಮುಂದೆ ಬಗ್ಗಿ, ಹಿಮ್ಮಡಿ ಊರಿ, ಬರುತ್ತೆ. ಬರುತ್ತಿತ್ತು, ಪ್ರತಿಯೊಬ್ಬರಿಗೂ ಬಂತು. ವಿದ್ಯಾರಣ್ಯಪುರಂನ ತನ್ನ ಮನೆಯಲ್ಲಿ ಮಾತ್ರ — ಅವ್ವ ನೀನು ಏನೂ ಎತ್ಬೇಡ, ನೀರಿಗೆ ನಲ್ಲಿ ಹಾಕಿಸಿದೀನಿ, ಗ್ರೈಂಡರ್ ತಂದಿದೀನಿ, ಮುದ್ದೆ ನಾನೇ ತೊಳಸ್ತೀನಿ, ಸುಮ್ನೆ ಕೂತ್ಕೊ. ಒಂದೊಂದು ತೂಕವನ್ನೂ ತಾನೇ ಪ್ರೀತಿಯಿಂದ ಇಳಿಸಿಬಿಟ್ಟಳಲ್ಲ. ಒಂದು ದಿನ ಹಳದಿ ಪಟ್ಟಿಯೊಂದನ್ನು ತಂದು ಕಿಟಕಿ ಸರಳಿಗೆ ಕಟ್ಟಿ ಎಳೆದು ತೋರಿಸಿದ್ದು, ಏನೇ ಇದು, ಲಂಗದ ಲಾಡಿನಾ? ದಿನಾ ಹತ್ತು ಸಲ ಎಳಿ ಅವ್ವ. ಮಾರನೆಯ ದಿನ ನೋಡಿದರೆ ಪಟ್ಟಿಯ ಇನ್ನೊಂದು ತುದಿ ಬಾಗಿಲ ಚಿಲಕಕ್ಕೆ ಬಿಗಿದಿದೆ, ಮೇಲೆ ಎರಡು ಕುಪ್ಪಸ ಒಣಗುತ್ತಿವೆ, ಬಲೇ ಚೆನ್ನಾಗದೆ ಕಣೆ, ಗಾಳಿ ಬೀಸುದ್ರೂ ಬೀಳಕ್ಕಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು. ಇರು, ನಾಳೆಯಿಂದ ನಾನೇ ನಿಂತು ಮಾಡಿಸ್ತೀನಿ. ಆ ನಾಳೆ ಬೆಳಿಗ್ಗೆ ಐದೂವರೆ ಬ್ಯಾಚು, ಮಗಳು ಗಗನಳ ಟಿಫನ್ನು, ರಾತ್ರಿ ಪಾಳಿಯಿಂದ ಬರುವ ಗಂಡನಿಗೆ ತಿಂಡಿ, ಗ್ಯಾಸು ಮುಗಿದಿದ್ದು. ಅವ್ವ ಬೆತ್ತದ ಕುರ್ಚಿಯ ಕೈ ಹಿಡಿದು ಮುಂದೆ ಬಾಗುತ್ತಿದ್ದಳು, ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ಎದ್ದೇಳುತ್ತಿದ್ದಳೇನೋ, ಅಷ್ಟರಲ್ಲಿ ಚೆಲುವಾಂಬ ಹೆಲ್ಮೆಟ್ ಹಾಕಿಕೊಂಡೇ ಬಂದು ಕಂಕುಳಿಗೆ ಕೈ ಕೊಟ್ಟು, ಬಾ ಬಾ ಟೈಮಾಯ್ತು, ಎತ್ತಿ ಬಚ್ಚಲಿಗೆ. ಮೂರು ವರ್ಷ. ಮೊದಮೊದಲು ಬುಡೇ, ನಾನೇ ಏಳ್ತೀನಿ ಬುಡು ಅಂತ ಕೈ ತಟ್ಟುತ್ತಿದ್ದಳು. ಆಮೇಲೆ ತಟ್ಟಲಿಲ್ಲ. ಆಮೇಲಾಮೇಲೆ ಸ್ಕೂಟರಿನ ಕೀಲಿಕೈ ಸದ್ದಾದರೆ ಸಾಕು, ಮುಂದೆ ಬಾಗುವುದೂ ಇಲ್ಲ, ಕೂತಲ್ಲೇ ಎರಡೂ ಮೊಣಕೈ ಪಕ್ಕೆಯಿಂದ ಸ್ವಲ್ಪ ಮೇಲೆತ್ತಿ ಜಾಗ ಮಾಡಿಕೊಡುತ್ತಿದ್ದಳು, ಎತ್ತಿಕೊಳ್ಳಲಿ ಅಂತ ಕಾಯುವ ಕೂಸಿನ ಹಾಗೆ, ಅದನ್ನು ನೋಡಿಯೂ ನೋಡಲಿಲ್ಲವಲ್ಲ ಚೆಲುವಾಂಬ. ಅವರೆಕಾಯಿ ಕಾಲ. ಹಿಂದಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾಳು ಬಿಡಿಸಲು ಕೂತ ಅವ್ವ, ಏಳಲು ನೋಡಿ, ಆಗದೆ, ಕಾದು, ಮತ್ತೆ ನೋಡಿ, ಪಕ್ಕಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು, ಕಾಲೇಜಿನಿಂದ ಗಗನ ಬರುವವರೆಗೆ ಸಿಪ್ಪೆಯ ಮಧ್ಯೆ ಬಿದ್ದಿದ್ದಳು, ಅದೇ ಹೊತ್ತಿಗೆ ಇಲ್ಲಿ ಚೆಲುವಾಂಬ ಯಾರದೋ ಅಮ್ಮನಿಗೆ ಪೆಟ್ಟಿಗೆಯಿಂದ ಏಳುವುದನ್ನು ಕಲಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಅವ್ವ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಅಂದದ್ದು ಇಷ್ಟೇ, ಏಳಕ್ಕಾಗ್ಲಿಲ್ಲ ಕಣೆ, ಎತ್ತಕ್ಕೆ ನೀನಿರ್ಲಿಲ್ವಲ್ಲ.

ಸ್ಕೂಟರು ಯಾವಾಗ ಮನೆ ಮುಟ್ಟಿತೋ ಗೊತ್ತಾಗಲಿಲ್ಲ, ಫಿಜಿಯೋಥೆರಪಿಯ ಮಹಾಂತೇಶ್ ಅವರ ಬೈಕು ಗೇಟಿನ ಮುಂದೆಯೇ ಇದೆ, ಆಪರೇಷನ್ ಆಗಿ ಆರು ವಾರ, ಹೋದ ಸಲವೇ ಹೇಳಿಹೋಗಿದ್ದರು, ಮೂಳೆ ಕೂತಿದೆ ಮೇಡಂ, ಭಯ ಕೂತಿರೋದೇ ಕಷ್ಟ, ಈಗ ತಾವಾಗೇ ಏಳಲಿಲ್ಲ ಅಂದ್ರೆ ಆಮೇಲೆ ಏಳ್ಸೋರೇ ಬೇಕಾಗುತ್ತೆ, ಯಾವಾಗ್ಲೂ. ಕುರ್ಚಿಯ ಕಾಲಿಗೆ ಹಲಗೆ ಕೊಟ್ಟು ಎತ್ತರಿಸಿದ್ದಾರೆ, ಮುಂದೆ ವಾಕರ್, ಪಕ್ಕದಲ್ಲಿ ಗಗನ, ಬಾಮ್ಮ ನಿನಗೋಸ್ಕರ ಕಾಯ್ತಿದೆ ಅಜ್ಜಿ, ನೀನಿಲ್ದೆ ಏಳಲ್ವಂತೆ. ನಿಮಗೆ ನಾನೇನ್ ಹೇಳಿಕೊಡ್ಲಿ ಮೇಡಂ, ನಿಮ್ಮ ಜಿಮ್ಮಿನಲ್ಲಿ ನಿಲ್ತೀರಲ್ಲ ಹಂಗೇ ನಿಂತ್ಕೊಳ್ಳಿ, ಮುಟ್ಬೇಡಿ, ಅಂದರು ಮಹಾಂತೇಶ್. ಅವ್ವ ತಲೆ ಎತ್ತಿ ನೋಡಿದಳು, ಕೈ ಇಕ್ಬೇಡ ಕಣೆ, ಇವತ್ತು ನಾನೇ. ಅಂದಳಲ್ಲ, ಎಷ್ಟು ದಿನದ ಮೇಲೆ ಅಂದಳು, ನಾನೇ. ಅಂಗೈಗಳು ತಾವಾಗಿ ಕಂಕುಳ ಕೆಳಗೆ ಹೋಗಿ ನಿಂತವು, ಮೇಲ್ಮುಖವಾಗಿ, ಒಂದು ಬೆರಳಿನಷ್ಟು ದೂರ, ಮುಂದೆ ಬಾಗವ್ವ, ಹಿಮ್ಮಡಿ ಊರು, ಉಸಿರು ಬಿಡು, ಬಾಗಿದಳು, ಕುರ್ಚಿಯ ಬೆತ್ತ ಕಿರ್ ಅಂತು, ಎದ್ದಳು, ಒಂದು ಗೇಣು ಎದ್ದಳು, ಬೆತ್ತಕ್ಕೂ ಸೀರೆಗೂ ನಡುವೆ ಬೆಳಕು ಕಾಣುತ್ತಿದೆ, ತೊಡೆ ಅದುರುತ್ತಿದೆ, ನಿಂತಿದೆ, ಅಲ್ಲೇ ನಿಂತಿದೆ, ಕೆಳಗೆ ಜಾರುತ್ತಿಲ್ಲ, ಜಾರುತ್ತಿಲ್ಲವಲ್ಲ, ಕಾಯಬೇಕು, ಆ ನಡುಕದಲ್ಲೇ ಮೈ — ಆಗ ಅವ್ವನ ಮೊಣಕೈಗಳು ಪಕ್ಕೆಯಿಂದ ಮೆಲ್ಲಗೆ ಮೇಲೆದ್ದವು, ಜಾಗ ಮಾಡಿಕೊಟ್ಟವು, ಅವ್ವನಿಗೇ ತಿಳಿಯದ ಹಾಗೆ. ಮುಟ್ಬೇಡಿ ಮೇಡಂ, ಬರ್ತಾರೆ. ಬರ್ತಿತ್ತು ಅದು. ಮೇಲೆದ್ದ ಎರಡು ಮೊಣಕೈ. ಕೆಳಗೆ ಎರಡು ಅಂಗೈ. ನಡುವೆ ಒಂದು ಬೆರಳು. ಎರಡು ಅಂಗೈ. ಒಂದು ಬೆರಳು.

ಚೆಲುವಾಂಬ ಅವ್ವನನ್ನು ಎತ್ತಿ ನಿಲ್ಲಿಸಿದಳು.