ಗಾಜಿನ ಮೇಲಿನ ಎಡಗೈ

ಏಳು ನಲವತ್ತರ ರೈಲು ಹೊರಡುವ ಹೊತ್ತಿಗೆ ನಮ್ಮ ಸ್ಟೇಷನ್ನಿನ ಟಿಕೆಟ್ ಕಿಟಕಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಮೊದಲು ಆರಕ್ಕೇ ತೆರೆಯುತ್ತಿತ್ತು. ಈಗ ಹತ್ತಕ್ಕೆ. ಅಲ್ಲಿಯವರೆಗೆ ಬಾಗಿಲ ಪಕ್ಕದ ಯಂತ್ರವೇ ಗತಿ. ಆಳೆತ್ತರದ ಪೆಟ್ಟಿಗೆ, ಎದೆಯ ಮಟ್ಟಕ್ಕೆ ಒಂದು ಗಾಜು. ಗಾಜು ಮುಟ್ಟಿದರೆ ಟಿಕೆಟ್ ಬರಬೇಕು. ಕೆಲವರಿಗೆ ಬರುತ್ತದೆ. ಕೆಲವರಿಗೆ ಹಿಂದೆ ನಿಂತವರ ಬೈಗುಳ ಬರುತ್ತದೆ.

ಟೈಲರಮ್ಮನಿಗೆ ಹೋದ ತಿಂಗಳು ಬಂದದ್ದು ಬೈಗುಳ.

ಟೈಲರಮ್ಮ ಅಂದರೆ ನಮ್ಮ ಬೀದಿಯ ಮೂರನೆಯ ಮನೆಯಲ್ಲಿ ಹೊಲಿಯುವಾಕೆ. ಆಕೆಯ ಯಜಮಾನರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಬೀದಿಗೆಲ್ಲ ಅವರು ಗಡಿಯಾರದ ಮಾವ. ಈಗ ಮಾವನ ಬಲಗಣ್ಣಿನೊಳಗೆ ಕೂದಲೆಳೆಯಂಥ ಒಂದು ರಕ್ತನಾಳ ಸೋರುತ್ತಿದೆ. ತಿಂಗಳಿಗೊಮ್ಮೆ ಪೇಟೆಯ ಕಣ್ಣಾಸ್ಪತ್ರೆಯಲ್ಲಿ ಸೂಜಿಮದ್ದು ಹಾಕಿಸಬೇಕು. ಒಂಬತ್ತೂವರೆಯೊಳಗೆ ಅಲ್ಲಿರಬೇಕು. ಬಸ್ಸಿನಲ್ಲಿ ಹೊರಟರೆ ಎರಡು ಕಡೆ ಇಳಿದು ಹತ್ತಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಹಾಗಾಗಿ ರೈಲೇ ಆಗಬೇಕು.

ಹೋದ ತಿಂಗಳು ಟೈಲರಮ್ಮ ಯಂತ್ರದ ಮುಂದೆ ನಿಂತಳು. ಮುಟ್ಟಿದಳು. ಏನೂ ಆಗಲಿಲ್ಲ. ಒತ್ತಿದಳು. ಗಾಜಿನ ಮೇಲಿನ ಚಿತ್ರ ಎತ್ತಲೋ ಹಾರಿತು. ಇನ್ನೂ ಗಟ್ಟಿಯಾಗಿ ಒತ್ತಿದಳು.

"ಅಮ್ಮಾ, ಅದು ಹಿಟ್ಟಲ್ಲ ನಾದೋಕೆ!" ಅಂತ ಸಾಲಿನಿಂದ ಯಾರೋ ಕೂಗಿದರು. ನಾಲ್ಕು ಜನ ನಕ್ಕರು.

ಗುರುತಿಲ್ಲದವನೊಬ್ಬ ಪಕ್ಕಕ್ಕೆ ಬಂದು, "ಕಾರ್ಡ್ ಇತ್ತ ಕೊಡಿ, ಪಿನ್ ನಂಬರ್ ಹೇಳಿ, ನಾನು ತೆಗೆದುಕೊಡ್ತೀನಿ" ಅಂದ. ಆಕೆಯ ಮನಸ್ಸು ಒಪ್ಪಲಿಲ್ಲ. ಕಾರ್ಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಸಾಲು ಬಿಟ್ಟು ಬಂದಳು. ಅಷ್ಟರಲ್ಲಿ ರೈಲು ಹೊರಟೇಹೋಯಿತು.

ಆಸ್ಪತ್ರೆಗೆ ಫೋನು ಮಾಡಿದಾಗ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಒಂದು ಸಲ ತಪ್ಪಿದ್ದೇ ಹೆಚ್ಚಾಯ್ತು. ಈ ಕಣ್ಣಲ್ಲಿ ಹೋದ ನೋಟ ತಿರುಗಿ ಬರೋದಿಲ್ಲಮ್ಮ. ಮುಂದಿನ ಸಲ ಏನೇ ಆಗಲಿ, ಬರಲೇಬೇಕು."

ಆ ಮುಂದಿನ ಸಲಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ಟೈಲರಮ್ಮ ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು. ಮಾವ ಕಿಟಕಿಯ ಬಳಿ ಕೂತಿದ್ದರು.

"ಬೇಡ ಬಿಡೇ. ಎಡಗಣ್ಣು ಗಟ್ಟಿಯಾಗಿದೆ. ನಲವತ್ತು ವರ್ಷ ಭೂತಗನ್ನಡಿಗೆ ಒಂದೇ ಕಣ್ಣಿಟ್ಟು ಬದುಕಿಲ್ವಾ ನಾನು?"

"ಅಂಗಡಿ ಮುಚ್ಚಿದ ಮೇಲೆ ಇನ್ನೊಂದು ಕಣ್ಣು ತೆರೀತಿದ್ರಲ್ಲ, ಅದನ್ನ ಹೇಳಿ."

"ಅಲ್ಲ ಕಣೇ, ಹಿಂದಿನ ಮುಚ್ಚಳ ತೆಗೆದು ತೋರಿಸದ ಯಂತ್ರವನ್ನ ನಾನು ಎಂದೂ ನಂಬಿದವನಲ್ಲ. ಒಳಗೆ ಏನಿದೆಯೋ ಯಾರಿಗೆ ಗೊತ್ತು? ದುಡ್ಡು ನುಂಗಿ ಸುಮ್ಮನಾದರೆ ಯಾರನ್ನ ಕೇಳೋಣ?"

ಅದೇ ಹೊತ್ತಿಗೆ ಸ್ಟೇಷನ್ನಕ್ಕ ಒಳಗೆ ಬಂದಳು. ಆಕೆ ಸ್ಟೇಷನ್ ಗುಡಿಸಿ ಒರೆಸುವವಳು, ಪಕ್ಕದ ಮನೆಯವಳು. ಸಮವಸ್ತ್ರದ ಕೋಟಿನ ತೋಳು ಮೊಟಕು ಮಾಡಿಸಲು ಕೊಟ್ಟಿದ್ದಳು.

"ಕೋಟು ಆಯ್ತೇನೇ?"

"ಇನ್ನೊಂದು ತೋಳು ಬಾಕಿ. ಕೂತ್ಕೋ ಅಕ್ಕ."

ಸ್ಟೇಷನ್ನಕ್ಕ ಕೂರಲಿಲ್ಲ. ಟೈಲರಮ್ಮ ಕತ್ತರಿಸುವುದನ್ನೇ ನೋಡುತ್ತ ನಿಂತಳು. ಬಲಗೈಯಲ್ಲಿ ಕತ್ತರಿ. ಎಡಗೈ ಬಟ್ಟೆಯ ಮೇಲೆ ಅಗಲವಾಗಿ, ಅಂಗೈ ಊರಿ, ಬಟ್ಟೆ ಸರಿಯದ ಹಾಗೆ. ಇದ್ದಕ್ಕಿದ್ದಂತೆ ಸ್ಟೇಷನ್ನಕ್ಕನಿಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದರೂ ನಿಲ್ಲಲಿಲ್ಲ.

"ಏನಕ್ಕಾ, ನಾನೇನು ಕೋತಿ ಕುಣಿಸ್ತಿದೀನಾ?"

"ಸಿಕ್ಕಿಬಿದ್ದೆ ಕಣೇ, ಸಿಕ್ಕಿಬಿದ್ದೆ! ಎರಡು ವರ್ಷದಿಂದ ಆ ಯಂತ್ರದ ಗಾಜು ಒರೆಸ್ತಿದೀನಿ. ಯಾರ ಬೆರಳು ಎಲ್ಲಿ ಬೀಳುತ್ತೆ ಅಂತ ನನಗೆ ಗೊತ್ತು. ಹೋದ ತಿಂಗಳು ಒಂದು ದಿನ, ಗಾಜಿನ ಎಡಗಡೆ ಮೂಲೆಯಲ್ಲಿ ಪೂರ್ತಿ ಅಂಗೈ ಗುರುತು. ಐದೂ ಬೆರಳು, ಸೀಮೆಸುಣ್ಣದ ಪುಡಿ ಸಮೇತ. ಇದ್ಯಾವ ಪುಣ್ಯಾತ್ಮರು ಗಾಜಿಗೆ ಆಶೀರ್ವಾದ ಮಾಡಿ ಹೋದರಪ್ಪ ಅಂದ್ಕೊಂಡೆ. ಅದು ನಿಂದು!"

ಟೈಲರಮ್ಮ ತನ್ನ ಎಡಗೈ ನೋಡಿಕೊಂಡಳು. ಅದು ಮೇಜಿನ ಮೇಲೆ, ಬಟ್ಟೆಯ ಮೇಲೆ, ಮೂವತ್ತು ವರ್ಷದಿಂದ ಕೂತ ಹಾಗೇ ಕೂತಿತ್ತು.

"ಬಲಗೈಗೆ ಕೆಲಸ ಹೇಳಿದರೆ ಎಡಗೈ ತಾನೇ ಹೋಗಿ ಊರುತ್ತಕ್ಕ. ನಾನು ಹೇಳೋದೇ ಬೇಡ."

"ಅದೇ ಆಗಿರೋದು. ಆ ಗಾಜಿಗೆ ಒಂದು ಸಲಕ್ಕೆ ಒಂದೇ ಬೆರಳು ಅರ್ಥವಾಗೋದು. ಆರು ಬೆರಳು ಒಟ್ಟಿಗೆ ಮಾತಾಡಿದರೆ ಅದು ಯಾರ ಮಾತು ಕೇಳಬೇಕು? ನೀನು ಗಟ್ಟಿಯಾಗಿ ಒತ್ತಿದಷ್ಟೂ ಅದಕ್ಕೆ ಗೊಂದಲ."

ಮಾವ ಕಿಟಕಿಯ ಬಳಿಯಿಂದ ಕೇಳಿದರು, "ಹಾಗಾದ್ರೆ ತಪ್ಪೆಲ್ಲ ನಮ್ಮದೇನಮ್ಮಾ? ಯಂತ್ರದ್ದು ಏನೂ ಇಲ್ವಾ?"

"ಯಾಕಿಲ್ಲ ಮಾವ? ಅಕ್ಷರ ಇರುವೆ ಸಾಲಿನಷ್ಟಿದೆ. ಮಧ್ಯಾಹ್ನ ಬಿಸಿಲು ಬಿದ್ದರೆ ಗಾಜಲ್ಲಿ ನಮ್ಮ ಮುಖವೇ ಕಾಣುತ್ತೆ. ಕೆಲವು ಸಲ ಕಾಗದ ಮುಗಿದು ಟಿಕೆಟ್ಟೇ ಬರಲ್ಲ. ಅದಕ್ಕೂ ಕೇಳೋ ದಾರಿ ಇದೆ. ಯಂತ್ರದ ತಪ್ಪಿಗೆ ದೂರು ಕೊಡೋಣ, ನಮ್ಮ ತಪ್ಪನ್ನ ತಿದ್ಕೊಳ್ಳೋಣ. ಇವತ್ತು ಸಂಜೆ ಐದಕ್ಕೆ ಇಬ್ಬರೂ ಬನ್ನಿ. ಆಗ ಸಾಲಿರಲ್ಲ, ಬಿಸಿಲೂ ಇರಲ್ಲ."

ಸಂಜೆ ಸ್ಟೇಷನ್ ಖಾಲಿಯಾಗಿತ್ತು. ಸ್ಟೇಷನ್ನಕ್ಕ ಒಣಬಟ್ಟೆಯಿಂದ ಗಾಜು ಒರೆಸಿದಳು. ಟೈಲರಮ್ಮನ ಬೆರಳನ್ನೂ ಒರೆಸಿಕೊಳ್ಳಲು ಹೇಳಿದಳು. ಒದ್ದೆ ಬೆರಳು, ಎಣ್ಣೆ ಬೆರಳು, ಪುಡಿ ಹತ್ತಿದ ಬೆರಳು ಗಾಜಿಗೆ ಆಗಿಬರುವುದಿಲ್ಲವಂತೆ.

"ಮೊದಲು ಭಾಷೆ. ಮೇಲೆ ಮೂಲೆಯಲ್ಲಿ ನಮ್ಮ ಭಾಷೆ ಬರೆದಿದೆ ನೋಡು, ಅಲ್ಲಿ ಮುಟ್ಟು. ಒಂದೇ ಬೆರಳು. ಹೂಂ, ತೆಗಿ. ಈಗ ಹೋಗೋ ಸ್ಟೇಷನ್."

ಟೈಲರಮ್ಮ 'ಪೇಟೆ' ಅಂತ ಎರಡು ಅಕ್ಷರ ಮುಟ್ಟಿದಳು. ಹೆಸರುಗಳ ಪಟ್ಟಿ ಬಂತು. ಮೇಲಿದ್ದುದನ್ನೇ ಮುಟ್ಟಲು ಬೆರಳು ಚಾಚಿದಳು.

"ನಿಲ್ಲು! ಓದಿದೆಯಾ? ಅದು ಕೆಳಪೇಟೆ. ಆಸ್ಪತ್ರೆ ಇರೋದು ಮೇಲ್ಪೇಟೆಯಲ್ಲಿ. ಕೆಳಪೇಟೆ ಟಿಕೆಟ್ ಹಿಡಿದು ಮೇಲ್ಪೇಟೆಯಲ್ಲಿ ಇಳಿದರೆ ದಂಡ ಕಟ್ಟೋದು ನೀನೇ."

"ಅಯ್ಯೋ ದೇವರೇ, ಇದು ಪರೀಕ್ಷೆ ಇದ್ದ ಹಾಗಿದೆ."

"ಪರೀಕ್ಷೆಯೇ. ಆದರೆ ನೋಡಿ ಬರೆಯೋ ಪರೀಕ್ಷೆ. ಉತ್ತರ ಎದುರಿಗೇ ಇದೆ."

ಎಷ್ಟು ಜನ ಎಂದು ಯಂತ್ರ ಕೇಳಿತು. ಬರೀ ಹೋಗುವುದೋ, ಹೋಗಿ ಬರುವುದೋ ಎಂದೂ ಕೇಳಿತು. ಟೈಲರಮ್ಮ ಯೋಚಿಸುತ್ತ ನಿಂತಳು. ಗಾಜು ತಟ್ಟನೆ ಮೊದಲಿನ ಚಿತ್ರಕ್ಕೆ ಮರಳಿತು.

"ನೋಡಿದ್ಯಾ, ಸಿಟ್ಟು ಬಂತು ಅದಕ್ಕೆ!" ಅಂದರು ಮಾವ.

"ಸಿಟ್ಟಲ್ಲ ಮಾವ, ಮರೆವು. ಅರ್ಧ ನಿಮಿಷ ಯಾರೂ ಮುಟ್ಟದಿದ್ದರೆ, ಎದುರಿಗಿದ್ದವರು ಹೋದರು ಅಂದ್ಕೊಳ್ಳುತ್ತೆ. ಮತ್ತೆ ಮೊದಲಿಂದ ಶುರುಮಾಡಿದರಾಯ್ತು. ದುಡ್ಡು ಕೊಡೋ ತನಕ ಎಷ್ಟು ಸಲ ತಪ್ಪಿದರೂ ನಷ್ಟವಿಲ್ಲ."

ನಾಲ್ಕು ಸಲ ಶುರುಮಾಡಿದರು, ನಾಲ್ಕು ಸಲವೂ ದುಡ್ಡು ಕೊಡುವ ಮೊದಲು ಬಿಟ್ಟರು. ಎರಡು ಸಲ ಎಡಗೈ ಕೇಳದೆ ಗಾಜಿನತ್ತ ಹೊರಟಿತು. ಸ್ಟೇಷನ್ನಕ್ಕ ಅದಕ್ಕೆ ಮೆಲ್ಲಗೆ ಏಟು ಹಾಕಿದಳು.

"ಇನ್ನು ಮಾವನ ಪ್ರಶ್ನೆ. ದುಡ್ಡು ನುಂಗಿ ಟಿಕೆಟ್ ಕೊಡದಿದ್ದರೆ ಏನು ಮಾಡೋದು? ಮತ್ತೆ ದುಡ್ಡು ಕಟ್ಟಬಾರದು. ಗಾಜಿನ ಮೇಲೆ ಏನು ಬರೆದು ಬಂತೋ ಅದರ ಫೋಟೋ ತೆಗೀರಿ. ಇಗೋ, ಇಲ್ಲಿ ಯಂತ್ರದ ನಂಬರ್ ಇದೆ, ಅದರದೂ ಒಂದು. ನೇರ ಸ್ಟೇಷನ್ ಮಾಸ್ಟರ ಕೋಣೆಗೆ ಹೋಗಿ. ಪಿನ್ ನಂಬರನ್ನ ಮಾತ್ರ ನನಗೂ ಹೇಳಬೇಡ, ಯಾರಿಗೂ ಹೇಳಬೇಡ. ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿ."

"ಅದೊಂದಕ್ಕಾದರೂ ನನ್ನ ಎಡಗೈ ಬೇಕಲ್ಲ!" ಅಂದಳು ಟೈಲರಮ್ಮ. ಅವತ್ತು ಮೊದಲ ಸಲ ಮಾವ ನಕ್ಕರು. ನಂಬಿದ್ದರು ಅಂತಲ್ಲ. ನಕ್ಕರು, ಅಷ್ಟೇ.

ಆ ದಿನ ಬಂತು. ಏಳು ಗಂಟೆಗೇ ಸಾಲು ಇತ್ತು. ಟೈಲರಮ್ಮ ಎಡಗೈಯಲ್ಲಿ ಮಾವನ ಕೈ ಹಿಡಿದುಕೊಂಡು, ಬಲಗೈ ಬೆರಳು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. ಭಾಷೆ. ಮೇಲ್ಪೇಟೆ. ಇಬ್ಬರು. ಹೋಗಿ ಬರುವುದು. ಎಲ್ಲವನ್ನೂ ಬಾಯಿಬಿಟ್ಟು ಓದಿಕೊಂಡಳು. ಆಮೇಲೆ ಮಾವನ ಕೈ ಬಿಟ್ಟು, ಎಡಗೈಯನ್ನು ಪಿನ್ ನಂಬರಿಗೆ ಅಡ್ಡ ಹಿಡಿದು ದುಡ್ಡು ಕೊಟ್ಟಳು.

ಒಳಗೆ ಏನೋ ಗುರುಗುಟ್ಟಿತು. ನಿಂತಿತು. ಟಿಕೆಟ್ ಬರಲಿಲ್ಲ. ಫೋನಿಗೆ ಮಾತ್ರ ದುಡ್ಡು ಹೋದ ಸಂದೇಶ ಬಂತು.

"ನಾನು ಹೇಳಲಿಲ್ವಾ?" ಅಂದರು ಮಾವ. ಅವರ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. "ನಡಿ, ಮನೆಗೆ ಹೋಗೋಣ."

ಹಿಂದಿನಿಂದ "ಬೇಗ ಬೇಗ" ಎಂಬ ಮಾತು ಶುರುವಾಯಿತು. ಟೈಲರಮ್ಮ ಗಾಜಿನ ಮೇಲೆ ಬಂದದ್ದನ್ನು ಓದಿಕೊಂಡಳು. ಆಮೇಲೆ ತಿರುಗಿ ನಿಂತು, "ಒಂದು ನಿಮಿಷ ತಡೀರಪ್ಪಾ. ಕಾಗದ ಮುಗಿದಿದೆ ಅಂತ ಬರೆದಿದೆ. ನೀವು ದುಡ್ಡು ಹಾಕಿದರೂ ಇದೇ ಗತಿ" ಅಂದಳು. ಸಾಲು ತೆಪ್ಪಗಾಯಿತು. ಆಕೆ ಗಾಜಿನ ಫೋಟೋ ತೆಗೆದಳು, ನಂಬರಿನ ಫೋಟೋ ತೆಗೆದಳು. ಮಾವನ ಕೈ ಹಿಡಿದು ಸ್ಟೇಷನ್ ಮಾಸ್ಟರ ಕೋಣೆಗೆ ನಡೆದಳು.

ಮಾಸ್ಟರು ಫೋನು ನೋಡಿದರು. ಯಂತ್ರದ ನಂಬರನ್ನೂ ಹೊತ್ತನ್ನೂ ದೂರಿನ ಪುಸ್ತಕದಲ್ಲಿ ಬರೆದುಕೊಂಡರು. "ಸರಿಯಾಗಿ ತಂದಿದ್ದೀರಮ್ಮ. ಎಷ್ಟೋ ಜನ ಬರೀ ಜಗಳ ತರ್ತಾರೆ. ಜಗಳ ಇಟ್ಕೊಂಡು ನಾನು ಏನು ಬರೀಲಿ?" ಅಂದರು. ಮೇಜಿನ ಖಾನೆಯಿಂದ ಕೈಬರಹದ ಟಿಕೆಟ್ ಪುಸ್ತಕ ತೆಗೆದು, ಬರೆದು, ಮುದ್ರೆ ಒತ್ತಿ ಕೊಟ್ಟರು. ಯಂತ್ರಕ್ಕೆ ಕಾಗದ ತುಂಬಲು ಆಳನ್ನೂ ಕಳಿಸಿದರು.

ಏಳು ನಲವತ್ತರ ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು.

ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. ಸೂಜಿಮದ್ದು ಹಾಕಿದರು. "ನೋಟ ಉಳಿದಿದೆ. ಈ ಸಲವೂ ತಪ್ಪಿಸಿದ್ದರೆ ಈ ಮಾತು ಹೇಳೋಕೆ ಆಗ್ತಿರಲಿಲ್ಲ" ಅಂದರು.

ಮರಳುವ ರೈಲಿನಲ್ಲಿ ಮಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಎರಡು ಸ್ಟೇಷನ್ ದಾಟಿದ ಮೇಲೆ ಕೇಳಿದರು:

"ಏನೇ, ಮುಂದಿನ ತಿಂಗಳು ನಿನಗೆ ಜ್ವರ ಬಂದರೆ?"

"ಬಿಡ್ತು ಅನ್ನಿ. ಯಾಕೆ?"

"ಟಿಕೆಟ್ ತೆಗೆಯೋರು ಯಾರು? ನನಗೂ ಕಲಿಸು. ಪಟ್ಟಿ ಬಿಚ್ಚಿದ ಮೇಲೆ. ಸಂಜೆ ಐದಕ್ಕೆ."

ಈಗ ನಮ್ಮ ಬೀದಿಯ ಸ್ವಸಹಾಯ ಗುಂಪಿನ ಹನ್ನೊಂದು ಹೆಂಗಸರೂ ಗಡಿಯಾರದ ಮಾವನೂ ಯಂತ್ರದಲ್ಲಿ ಟಿಕೆಟ್ ತೆಗೆಯುತ್ತಾರೆ. ಎಲ್ಲರೂ ಸೇರಿ ಮಾಸ್ಟರಿಗೆ ಒಂದು ಅರ್ಜಿಯನ್ನೂ ಕೊಟ್ಟಿದ್ದೇವೆ. ಬಿಸಿಲಿಗೆ ಮರೆ ಬಂದಿದೆ. ದೊಡ್ಡ ಅಕ್ಷರದ ಫಲಕ ಬಂದಿದೆ. ಬೆಳಗಿನ ಸಾಲಿಗೆ ಸಹಾಯಕ್ಕೊಬ್ಬರನ್ನು ನಿಲ್ಲಿಸಿ ಅಂತಲೂ ಕೇಳಿದ್ದೇವೆ. ಅದು ಇನ್ನೂ ಆಗಿಲ್ಲ. ಕೇಳುವುದನ್ನು ನಾವೂ ಬಿಟ್ಟಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಂತ್ರಕ್ಕೆ ಹೆದರಿ ಪ್ರಯಾಣವನ್ನೇ ಬಿಟ್ಟವರು ಇರಬಹುದು. ಬಿಟ್ಟದ್ದು ಆಸ್ಪತ್ರೆಯೋ, ಕೆಲಸವೋ, ಮಗಳ ಮನೆಯೋ, ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅವಸರವಿಲ್ಲದ ಒಂದು ಸಂಜೆ ಅವರನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ. ಅವರ ಬದಲು ನೀವೇ ಮುಟ್ಟಿ ಮುಗಿಸಬೇಡಿ. ಅವರೇ ಓದಲಿ, ಅವರೇ ಮುಟ್ಟಲಿ, ತಪ್ಪಲಿ, ಮತ್ತೆ ಮುಟ್ಟಲಿ. ಸಾಲಿನಲ್ಲಿ ನಿಮ್ಮ ಮುಂದೆ ಯಾರಾದರೂ ತಡವರಿಸುತ್ತಿದ್ದರೆ ನಗಬೇಡಿ. ಆ ಒಂದು ನಗೆಗೆ ಯಾರದೋ ಒಂದು ರೈಲು ತಪ್ಪಿಹೋಗುತ್ತದೆ.